ಮಣ್ಣು ಅಗೆಯಲಾರದ ಹುಳು

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಯ ಜೊತೆ ಗೆಣಸು ಬೇಯಿಸುವ ಮನೆಗಳಲ್ಲಿ ಒಂದು ಕಹಿ ಎಲ್ಲರಿಗೂ ಪರಿಚಿತ. ಸಿಪ್ಪೆ ಸುಲಿದು ಬಾಯಿಗಿಟ್ಟ ತುಂಡು ಮುಖ ಕಿವುಚಿಸುತ್ತದೆ. ತಿರುಗಿಸಿ ನೋಡಿದರೆ ಕಂದು ಬಣ್ಣದ ಸುರಂಗ, ಒಳಗೆ ಪುಡಿಯಂಥ ಹಿಕ್ಕೆ. ಹುಳದ ಕಹಿ ಅಂದುಕೊಂಡು ಬಿಸಾಡುತ್ತೇವೆ. ಆದರೆ ಆ ಕಹಿ ಹುಳದ್ದಲ್ಲ, ಗೆಣಸಿನದೇ. ಯಾರೋ ಕೊರೆಯುತ್ತಿದ್ದಾರೆಂದು ಗೊತ್ತಾದೊಡನೆ ಗೆಣಸು ಇಪೊಮಿಯಮರೋನ್ ಮೊದಲಾದ ಕಹಿ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಬೇಯಿಸಿದರೂ ಅವು ಪೂರ್ತಿ ಹೋಗುವುದಿಲ್ಲ. ಮೇಲೆ ಬೂಷ್ಟು ಹಿಡಿಯಿತೆಂದರೆ ಶ್ವಾಸಕೋಶಕ್ಕೇ ಹಾನಿ ಮಾಡುವ ವಿಷವೂ ಹುಟ್ಟಬಹುದು. ಅಂಥ ಗೆಣಸು ತಿಂದ ದನಗಳು ಉಸಿರಾಡಲಾಗದೆ ಸತ್ತದ್ದುಂಟು. ಮನೆಯವರು ತಿನ್ನದ ಹುಳುಕು ಗೆಣಸನ್ನು ಕೊಟ್ಟಿಗೆಗೆ ಹಾಕುವ ಉಳಿತಾಯ ಬೇಡ.

ಕೊರೆಯುವುದು ಗೆಣಸಿನ ಮೂತಿಹುಳು. ವಿಜ್ಞಾನಿಗಳ ಬಾಯಲ್ಲಿ ಸೈಲಸ್ ಫಾರ್ಮಿಕೇರಿಯಸ್. ಉದ್ದ ಸುಮಾರು 6 ಮಿಲಿಮೀಟರ್. ಕಪ್ಪುನೀಲಿ ತಲೆ, ಅದೇ ಬಣ್ಣದ ಹೊಳೆಯುವ ಬೆನ್ನು, ನಡುವೆ ಕೆಂಪು ಎದೆ, ಕೆಂಪು ಕಾಲು. ಸಣಕಲು ಮೈಯ ಇದನ್ನು ಮೊದಲ ನೋಟಕ್ಕೆ ಇರುವೆಯೆಂದೇ ಬಿಟ್ಟುಬಿಡುತ್ತೇವೆ. ಹಗಲೆಲ್ಲ ಎಲೆಯಡಿ ಅಡಗಿದ್ದು ರಾತ್ರಿ ಓಡಾಡುತ್ತದೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳುತ್ತದೆ.

ಗೆಣಸು ನಮ್ಮ ನೆಲದ್ದಲ್ಲ, ಅಮೆರಿಕದಿಂದ ಬಂದದ್ದು. ಹುಳು ಮಾತ್ರ ಭಾರತ ಉಪಖಂಡದ್ದೇ ಎಂಬುದು ಬಹುತೇಕ ಕೀಟತಜ್ಞರ ಅಭಿಪ್ರಾಯ. ಇಲ್ಲಿನ ಕಾಡುಬಳ್ಳಿಗಳಲ್ಲಿ ಗೆಣಸಿನ ನೆಂಟರು ಬೇಕಾದಷ್ಟಿವೆ. ಕರಾವಳಿಯ ಮರಳ ಮೇಲೆ ನೇರಳೆ ಹೂ ಬಿಟ್ಟು ಹಬ್ಬುವ ಬಳ್ಳಿಯೂ ಅದೇ ಕುಲದ್ದು. ಅಂಥ ಬಳ್ಳಿಗಳ ನಾರುಕಾಂಡ ಕೊರೆದು ಬದುಕಿಕೊಂಡಿದ್ದ ಹುಳುವಿಗೆ ಒಂದು ದಿನ ಹಿಟ್ಟು, ಸಕ್ಕರೆ ತುಂಬಿದ ಬೇರು ಸಿಕ್ಕಿತು. ಆಮೇಲೆ ಗೆಣಸಿನ ಬೆನ್ನು ಹಿಡಿದು ಲೋಕವೆಲ್ಲ ಸುತ್ತಿ, 1875ರ ಹೊತ್ತಿಗೆ ಅಮೆರಿಕದ ಲೂಸಿಯಾನದಲ್ಲೂ ಕಾಣಿಸಿಕೊಂಡಿತು.

ಹೆಣ್ಣು ಬಳ್ಳಿಯ ಬುಡದಲ್ಲೋ ಗೆಣಸಿನ ಮೇಲೋ ಮೂತಿಯಿಂದ ಸಣ್ಣ ಗುಳಿ ಕೊರೆದು ಒಂದೇ ಒಂದು ಮೊಟ್ಟೆ ಇಡುತ್ತದೆ. ಗುಳಿಯ ಬಾಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚುತ್ತದೆ. ಮರಿಹುಳು ಒಳಗೇ ಹುಟ್ಟಿ, ಒಳಗೇ ತಿಂದು, ಒಳಗೇ ಕೋಶ ಕಟ್ಟುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ಪ್ರೌಢಹುಳು ಆಗುವಷ್ಟಕ್ಕೆ ಐದಾರು ವಾರ. ಗೆಣಸು ಮೂರೂವರೆ, ನಾಲ್ಕು ತಿಂಗಳ ಬೆಳೆ. ಅಷ್ಟರಲ್ಲಿ ಎರಡು ಮೂರು ಪೀಳಿಗೆ ಆಗಿಹೋಗುತ್ತದೆ. ಬೆಳವಣಿಗೆಯೆಲ್ಲ ಹೀಗೆ ಒಳಗೇ ನಡೆಯುವುದರಿಂದ ಎಲೆಗೆ ಹೊಡೆದ ಔಷಧಿ ಮರಿಗೆ ತಾಗುವುದೇ ಇಲ್ಲ. ಪಂಪು ಹೆಗಲೇರಿಸುವವರು ಇದನ್ನು ಮೊದಲು ಯೋಚಿಸಬೇಕು.

ಇಷ್ಟು ಜಾಣ ಹುಳುವಿಗೆ ಒಂದು ದೊಡ್ಡ ಕೊರತೆ ಇದೆ: ಅದಕ್ಕೆ ಮಣ್ಣು ಅಗೆಯಲು ಬರುವುದಿಲ್ಲ. ಭೂಮಿಯೊಳಗಿನ ಗೆಣಸನ್ನು ತಲುಪಬೇಕಾದರೆ ನೆಲದಲ್ಲಿ ಬಿರುಕು ಇರಬೇಕು, ಇಲ್ಲವೇ ಗೆಣಸೇ ತಲೆ ಹೊರಹಾಕಿರಬೇಕು. ತಮಾಷೆಯೆಂದರೆ ಬಾಗಿಲು ತೆರೆಯುವುದು ಗೆಣಸೇ. ದಪ್ಪವಾಗುತ್ತಾ ಹೋದಂತೆ ಅದು ಮೇಲಿನ ಮಣ್ಣನ್ನು ಒಡೆಯುತ್ತದೆ. ಅದೇ ಹೊತ್ತಿಗೆ ಮಳೆ ನಿಂತು ಬಿಸಿಲೇರಿದರೆ ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ.

ಹಿತ್ತಲಿನ ಗೆಣಸಿನ ಆರೈಕೆಯಲ್ಲಿ ನನ್ನ ಲೆಕ್ಕಕ್ಕೆ ಮೊದಲ ಸ್ಥಾನ ಗುದ್ದಲಿಗೆ, ಗೊಬ್ಬರಕ್ಕಲ್ಲ. ಸಾರಜನಕ ಹೆಚ್ಚಾದರೆ ಸಿಗುವುದು ಸೊಂಪಾದ ಎಲೆ, ಕೆಳಗೆ ಬೆರಳು ಗಾತ್ರದ ಬೇರು. ಎತ್ತರದ ಬೋದು ಮಾಡಿ ನೆಡಬೇಕು. ನೆಟ್ಟ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಬುಡಕ್ಕೆ ಮಣ್ಣು ಏರಿಸಬೇಕು. ಗೆಣಸು ಉಬ್ಬುವ ಕಾಲದಲ್ಲಿ ಬೋದು ಒಣಗಿ ಸೀಳದಂತೆ ಆಗಾಗ ನೀರು ಕೊಡಬೇಕು. ಒಣ ಎಲೆಯ ಹೊದಿಕೆ ಇದ್ದರೆ ಇನ್ನೂ ಒಳ್ಳೆಯದು. ಗಿಣ್ಣುಗಿಣ್ಣಿಗೂ ಬೇರಿಳಿಯುವ ಬಳ್ಳಿಯನ್ನು ಒಮ್ಮೆ ಎತ್ತಿ ತಿರುವಿಬಿಟ್ಟರೆ ಸಾಕು.

ನೆಡುವ ಬಳ್ಳಿಯ ಆಯ್ಕೆಯಲ್ಲೂ ಹುಳುವಿನ ಗುಣ ತಿಳಿದಿರಬೇಕು. ಅದು ಮೊಟ್ಟೆ ಇಡಲು ಹುಡುಕುವುದು ಬುಡದ ಬಲಿತ ಕಾಂಡವನ್ನು. ಪಕ್ಕದ ಮನೆಯವರು ಕೊಟ್ಟ ಉದ್ದ ಬಳ್ಳಿಯಲ್ಲಿ ಬುಡದ ಭಾಗ ಬಿಟ್ಟು, ತುದಿಯಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಮೂರು ನಾಲ್ಕು ಗಿಣ್ಣಿರುವಷ್ಟು ಕತ್ತರಿಸಿಕೊಂಡರೆ ಹುಳು ಮನೆಗೆ ಬರುವ ಒಂದು ದಾರಿ ಮುಚ್ಚುತ್ತದೆ. ಹೋದ ವರ್ಷ ಗೆಣಸಿದ್ದ ಮಡಿಯಲ್ಲೇ ಮತ್ತೆ ನೆಡುವುದೂ ಬೇಡ.

ಗಂಡಿನ ದೌರ್ಬಲ್ಯ ಬೇರೆ. ಹೆಣ್ಣು ಹೊರಸೂಸುವ ವಾಸನೆಯ ರಾಸಾಯನಿಕವನ್ನು ಅಮೆರಿಕದ ವಿಜ್ಞಾನಿಗಳು 1986ರಲ್ಲಿ ಗುರುತಿಸಿದರು. ಅದರ ಒಂದು ಮಿಲಿಗ್ರಾಂನಷ್ಟನ್ನು ರಬ್ಬರ್ ತುಣುಕಿಗೆ ಹೀರಿಸಿ, ಸೋಪಿನ ನೀರಿರುವ ಡಬ್ಬಿಯ ಮೇಲೆ ತೂಗುಹಾಕಿದರೆ ಗಂಡುಗಳು ಹುಡುಕಿಕೊಂಡು ಬಂದು ಬೀಳುತ್ತವೆ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುವುದೂ ಇಂಥ ಮೋಹಕ ಬಲೆಯನ್ನೇ. ಉತ್ತರ ಭಾರತದ ಉಪವಾಸಗಳಿಗೆ ಲಾರಿಗಟ್ಟಲೆ ಗೆಣಸು ಕಳಿಸುವ ಬೆಳಗಾವಿ ಕಡೆಯ ಹೊಲಗಳಿಗೆ ಇದು ಹೇಳಿ ಮಾಡಿಸಿದ್ದು. ನಾಲ್ಕು ಬೋದಿನ ಹಿತ್ತಲಿಗೆ ಅಷ್ಟು ಪ್ರಯೋಜನ ಕಾಣೆ: ಬಲೆಗೆ ಬೀಳುವುದು ಗಂಡು ಮಾತ್ರ, ಬಸಿರಾದ ಹೆಣ್ಣು ಬೇಲಿ ದಾಟಿ ಬಂದೇ ಬರುತ್ತದೆ.

ಈ ಹುಳುವನ್ನು ಬೇರುಸಹಿತ ಕಿತ್ತವರೂ ಇದ್ದಾರೆ. ಜಪಾನಿನ ಓಕಿನಾವಾ ಪ್ರಾಂತ್ಯದ ಕುಮೆ ದ್ವೀಪದಲ್ಲಿ ಮೊದಲು ಈ ವಾಸನೆಯಿಂದ ಗಂಡುಗಳನ್ನು ಸೆಳೆದು ಕೊಂದರು. ಆಮೇಲೆ ವಿಕಿರಣದಿಂದ ಬಂಜೆಯಾಗಿಸಿದ ಹುಳುಗಳನ್ನು ವರ್ಷಗಟ್ಟಲೆ ಬಿಟ್ಟರು. 2013ರಲ್ಲಿ ದ್ವೀಪ ಹುಳುಮುಕ್ತವೆಂದು ಘೋಷಣೆಯಾಯಿತು. ಸರ್ಕಾರ ಬೆನ್ನಿಗಿದ್ದು, ಸುತ್ತ ಸಮುದ್ರವಿದ್ದರೆ ಮಾತ್ರ ಆಗುವ ಕೆಲಸ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕ್ಯೂಬಾದವರ ಉಪಾಯ. ಅವರು ದಪ್ಪ ತಲೆಯ ಬೇಟೆಗಾರ ಇರುವೆಗಳು ಗೂಡು ಮಾಡಿದ ಬಾಳೆಯ ತುಂಡುಗಳನ್ನು ಹೊತ್ತು ತಂದು ಗೆಣಸಿನ ಹೊಲದಲ್ಲಿಟ್ಟರು. ಇರುವೆಯಂತೆ ಕಾಣುವ ಹುಳುವಿನ ಮರಿಗಳನ್ನು ನಿಜವಾದ ಇರುವೆಗಳು ತಿಂದವು.

ನಮ್ಮ ಹಿತ್ತಲುಗಳಲ್ಲಿ ಹುಳುವಿಗೆ ದೊಡ್ಡ ಸಹಾಯ ಮಾಡುವುದು ಬೇಕಾದಾಗ ಬೇಕಾದಷ್ಟು ಕಿತ್ತುಕೊಳ್ಳುವ ಅಭ್ಯಾಸ. ಬಲಿತ ಗೆಣಸು ನೆಲದಲ್ಲಿ ಉಳಿದ ಪ್ರತಿ ವಾರವೂ ಹುಳುವಿಗೆ ಲಾಭ. ಎಲೆ ಹಳದಿಯಾಗತೊಡಗಿದಾಗ ಒಂದೇ ಸಲಕ್ಕೆ ಅಗೆದುಬಿಡಬೇಕು. ತೂತಿರುವುದನ್ನು ಬೇರೆ ಮಾಡಬೇಕು, ಯಾಕೆಂದರೆ ಹುಳು ಅಟ್ಟದ ಮೇಲಿನ ಬುಟ್ಟಿಯಲ್ಲೂ ಸಂಸಾರ ಮುಂದುವರಿಸುತ್ತದೆ. ಮಣ್ಣಲ್ಲಿ ಉಳಿದ ಕಡ್ಡಿ, ಬೆರಳು ಗಾತ್ರದ ಚೂರು, ಬುಡದ ಬಳ್ಳಿಯನ್ನೆಲ್ಲ ಆರಿಸಿ ಸುಡಬೇಕು. ತಿಪ್ಪೆಗೆ ಎಸೆದರೆ ಅಲ್ಲೇ ಚಿಗುರಿಕೊಳ್ಳುತ್ತದೆ.