ಮುದ್ದೆ ಬಿಟ್ಟು ಓಡುವ ಹುಡುಗಿಯರು

ನಿಡುಗಲ್ ಸೀಮೆಯಲ್ಲಿ, ಪಾವಗಡವಿರಲಿ ಮಧುಗಿರಿಯಿರಲಿ, ಮುದ್ದೆ ಮುಟ್ಟದೆ ಎದ್ದ ಮಗಳನ್ನು ತಾಯಿ ಸುಮ್ಮನೆ ಬಿಡುವುದಿಲ್ಲ. ‘ಯಾಕಮ್ಮಾ, ಉಸಾರಿಲ್ವಾ?’ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಮಗಳು ಮಿಲಿಟರಿಗೆ ಸೇರಲು ಓಟದ ಅಭ್ಯಾಸ ನಡೆಸಿದ್ದಾಳೆಂದರೆ ಮಾತ್ರ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಮೈ ಇಳಿಸುತ್ತಿದ್ದಾಳೆ, ಅಷ್ಟೇ!

ಭೂಸೇನೆ ಯುವತಿಯರನ್ನು ಸಿಪಾಯಿಗಳಾಗಿ ಭರ್ತಿ ಮಾಡಿಕೊಳ್ಳಲು ಆರಂಭಿಸಿದ್ದು 2019ರಲ್ಲಿ, ಮಿಲಿಟರಿ ಪೊಲೀಸ್ ದಳಕ್ಕೆ. ಮೊದಲ ತಂಡದ 83 ಮಂದಿ 61 ವಾರಗಳ ತರಬೇತಿ ಮುಗಿಸಿ 2021ರ ಮೇ 8ರಂದು ಪಥಸಂಚಲನ ನಡೆಸಿದ್ದು ಬೆಂಗಳೂರಿನಲ್ಲೇ. ಆಯ್ಕೆಗೆ 1.6 ಕಿ.ಮೀ. ಓಟ ಎಂಟು ನಿಮಿಷದೊಳಗೆ ಮುಗಿಯಬೇಕಿತ್ತು. ತೂಕ ಎತ್ತರಕ್ಕೆ ತಕ್ಕಂತಿರಬೇಕಿತ್ತು. ಈ ಕಟ್ಟಳೆಯಲ್ಲಿ ತಪ್ಪೇನಿಲ್ಲ. ‘ತಕ್ಕಷ್ಟು’ ಎಂಬುದನ್ನು ‘ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು’ ಎಂದು ತಿಳಿದಾಗ ತೊಂದರೆ ಶುರುವಾಗುತ್ತದೆ.

ಓಟಕ್ಕೆ, ಕವಾಯತಿಗೆ ಖರ್ಚಾದ ಮೇಲೆ ಉಳಿದ ಶಕ್ತಿ ಸಾಲದಿದ್ದರೆ ಶರೀರ ಲೆಕ್ಕಾಚಾರಕ್ಕಿಳಿಯುತ್ತದೆ. ಬರ ಬಂದ ವರ್ಷ ಸಂಸಾರಸ್ಥರು ಮದುವೆಗಳನ್ನು ಮುಂದೂಡುವುದಿಲ್ಲವೇ, ಹಾಗೆಯೇ ಅದು ಮುಟ್ಟನ್ನು ಮುಂದೂಡುತ್ತದೆ. ಈಸ್ಟ್ರೋಜೆನ್ ಇಳಿಯುತ್ತದೆ, ಮೂಳೆ ಸೊರಗುತ್ತದೆ. ಭಾರ ಹೊತ್ತು ದಿನವೂ ನಡೆಯುವ ಕಾಲಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇಂಥ ಬಿರುಕು ತರಬೇತಿಯಲ್ಲಿರುವ ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಹೆಚ್ಚೆಂದು ಹಲವು ದೇಶಗಳ ಸೇನಾ ವೈದ್ಯರು ಕಂಡುಕೊಂಡಿದ್ದಾರೆ. ಊಟದ ಕೊರತೆ, ನಿಂತ ಮುಟ್ಟು, ಸವೆದ ಮೂಳೆ ಈ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಕ್ರೀಡಾ ವೈದ್ಯರು 1990ರ ದಶಕದಲ್ಲೇ ಹೇಳಿದ್ದರು. ಗಂಡಸರಿಗೂ ಇದು ತಪ್ಪಿದ್ದಲ್ಲವೆಂದು 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸೇರಿಸಿತು.

ಉಪವಾಸದ್ದು ಒಂದು ಮುಖ. ಹಸಿವು ತಡೆಯದೆ ಒಮ್ಮೆಲೇ ಸಿಕ್ಕಾಪಟ್ಟೆ ತಿಂದು, ಹೆದರಿ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದು ಇನ್ನೊಂದು. ಎರಡೂ ಗುಟ್ಟಾಗಿಯೇ ನಡೆಯುತ್ತವೆ. ಹೇಳಿಕೊಂಡರೆ ಮನೆಗೆ ಕಳಿಸಿಬಿಟ್ಟಾರೆಂಬ ಅಂಜಿಕೆ. ಹಳ್ಳಿಯ ಹುಡುಗಿಗಂತೂ ಮತ್ತೊಂದು ಕಷ್ಟ: ಮೂರು ತಿಂಗಳಿಂದ ಮುಟ್ಟಾಗಿಲ್ಲವೆಂದು ಅಮ್ಮನ ಬಳಿ ಬಾಯಿ ಬಿಟ್ಟರೆ ಮನೆಯವರ ಅನುಮಾನ ಹೋಗುವುದೇ ಬೇರೆ ಕಡೆಗೆ. ಹೀಗಾಗಿ ವೈದ್ಯರಿಗೆ ಮೊದಲೇ ತಿಳಿಯಬೇಕಾದ ಸುಳಿವು ಬಚ್ಚಲುಮನೆಯಲ್ಲೇ ಉಳಿಯುತ್ತದೆ.

ಮೊದಲೇ ನಮ್ಮಲ್ಲಿ ರಕ್ತ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಆ ಮೈಯಲ್ಲೇ ಹುಡುಗಿ ನಸುಕಿನಲ್ಲಿ ಎದ್ದು ಕಾಲೇಜು ಮೈದಾನ ಸುತ್ತುತ್ತಾಳೆ. ಅವಳು ದಪ್ಪಗಾಗುತ್ತೇನೆಂದು ತಳ್ಳಿದ ಮುದ್ದೆಯ ರಾಗಿ, 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಹೊತ್ತು ತಟ್ಟೆಯಲ್ಲೇ ಆರುತ್ತಿರುತ್ತದೆ.