ಹೊಡೆದಷ್ಟೂ ವೇಗ

1977ರಲ್ಲಿ ಜಪಾನಿನ ಟೈಟೊ ಕಂಪನಿಯ ಎಂಜಿನಿಯರ್ ತೊಮೊಹಿರೊ ನಿಶಿಕಾಡೊ ಒಂದು ಹೊಸ ವಿಡಿಯೊ ಗೇಮ್ ಕಟ್ಟಲು ಕುಳಿತರು. ಪರದೆಯ ಮೇಲ್ಭಾಗದಲ್ಲಿ ಅನ್ಯಗ್ರಹ ಜೀವಿಗಳ ಐದು ಸಾಲು, ಸಾಲಿಗೆ ಹನ್ನೊಂದರಂತೆ ಒಟ್ಟು 55. ಕೆಳಗೆ ಆಟಗಾರನ ಒಂದೇ ಒಂದು ಫಿರಂಗಿ. ಜೀವಿಗಳು ಅಡ್ಡಡ್ಡವಾಗಿ ಹೆಜ್ಜೆ ಹಾಕುತ್ತಾ ಹೋಗಿ, ಪರದೆಯ ಅಂಚು ಮುಟ್ಟಿದೊಡನೆ ಒಂದು ಮೆಟ್ಟಿಲು ಕೆಳಗಿಳಿದು ದಿಕ್ಕು ಬದಲಿಸಬೇಕು. ಅವು ನೆಲ ಮುಟ್ಟುವಷ್ಟರಲ್ಲಿ ಎಲ್ಲವನ್ನೂ ಹೊಡೆದುರುಳಿಸಬೇಕು.

ಯಂತ್ರ ಮಾತ್ರ ಹೇಳದೇ ಇದ್ದ ಕೆಲಸವೊಂದನ್ನೂ ಮಾಡತೊಡಗಿತು. ಒಂದೊಂದೇ ಜೀವಿ ಸತ್ತಂತೆ ಉಳಿದವುಗಳ ನಡೆ ಚುರುಕಾಯಿತು. ಹತ್ತು ಹನ್ನೆರಡು ಉಳಿದಾಗ ಓಡತೊಡಗಿದವು. ಕೊನೆಯದೊಂದಂತೂ ಗುರಿಗೇ ಸಿಗದ ಹಾಗೆ ಚಿಮ್ಮಿತು.

ಕಾರಣ ಸರಳ. ಆ ಯಂತ್ರದ ಮಿದುಳು ಇಂಟೆಲ್ 8080 ಎಂಬ ಚಿಪ್. 55 ಚಿತ್ರಗಳನ್ನು ಒಂದೇ ಏಟಿಗೆ ಅಳಿಸಿ ಬರೆಯುವ ತಾಕತ್ತು ಅದಕ್ಕಿರಲಿಲ್ಲ. ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತಿತ್ತು. ಪ್ರತಿ ಸಲಕ್ಕೆ ಒಂದು ಜೀವಿಯನ್ನು ಮಾತ್ರ ಅದು ಸರಿಸುತ್ತಿತ್ತು. 55 ಇದ್ದಾಗ ಇಡೀ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡ್. 30 ಉಳಿದಾಗ ಅರ್ಧ ಸೆಕೆಂಡ್. ಆರು ಉಳಿದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಒಂದೇ ಉಳಿದಾಗ ಅದರ ಸರದಿ ಪ್ರತಿ ಸಲವೂ ಬರುತ್ತಿತ್ತು. ಅಂದರೆ ವೇಗ ಹೆಚ್ಚಿಸಿ ಎಂದು ಯಾರೂ ಹೇಳಿರಲಿಲ್ಲ. ಚಿಪ್‌ನ ಹೊರೆ ಇಳಿದಿತ್ತು ಅಷ್ಟೆ.

ಇದನ್ನು ದೋಷವೆಂದು ತಿದ್ದಬಹುದಿತ್ತು. ಜೀವಿಗಳು ಎಷ್ಟೇ ಇರಲಿ, ವೇಗ ಒಂದೇ ಇರುವಂತೆ ಪ್ರೋಗ್ರಾಮಿನಲ್ಲಿ ಕಾಯುವ ಸಮಯ ಸೇರಿಸಿದರೆ ಮುಗಿಯುತ್ತಿತ್ತು. ನಿಶಿಕಾಡೊ ಆಡಿ ನೋಡಿದರು. ಹಾಗೇ ಇರಲಿ ಎಂದು ಬಿಟ್ಟರು. ‘ಸ್ಪೇಸ್ ಇನ್ವೇಡರ್ಸ್’ ಎಂಬ ಆ ಆಟ 1978ರಲ್ಲಿ ಹೊರಬಂತು. ಕಷ್ಟದ ಆಟವನ್ನು ಜನ ಯಾಕೆ ಬಿಡಲಾರದೆ ಆಡುತ್ತಾರೆ ಎಂಬ ಪ್ರಶ್ನೆಗೆ ಸಿಕ್ಕ ಬಹುದೊಡ್ಡ ಉತ್ತರಗಳಲ್ಲಿ ಅದೂ ಒಂದು.

ಉತ್ತರದ ಮೊದಲ ಅರ್ಧ ಕೆಲವು ವರ್ಷ ಮುಂಚೆ ಅಮೆರಿಕದಲ್ಲಿ ಸಿಕ್ಕಿತ್ತು. 1971ರಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ‘ಕಂಪ್ಯೂಟರ್ ಸ್ಪೇಸ್’ ಎಂಬ ಆಟ ತಂದರು. ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್‌ಗಳಲ್ಲಿ ಮಾರಾಟಕ್ಕೆ ಬಂದ ಮೊದಲನೆಯದು ಅದು. ರಾಕೆಟ್ಟನ್ನು ಎಡಕ್ಕೆ ತಿರುಗಿಸಲು ಒಂದು ಗುಂಡಿ, ಬಲಕ್ಕೊಂದು, ಮುನ್ನುಗ್ಗಲು ಒಂದು, ಗುಂಡು ಹಾರಿಸಲು ಇನ್ನೊಂದು. ಎಂಜಿನಿಯರುಗಳಿಗೆ ಅದು ತುಂಬಾ ಹಿಡಿಸಿತು. ಬಾರಿನಲ್ಲಿ ಬಿಯರ್ ಹಿಡಿದು ನಿಂತವನಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಸೂಚನೆ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಹಾಕಿದ ನಾಣ್ಯ ಮುಗಿದಿರುತ್ತಿತ್ತು.

ಮರುವರ್ಷ ಅವರಿಬ್ಬರೂ ಅಟಾರಿ ಕಂಪನಿ ಕಟ್ಟಿದರು. ಅಲ್ಲಿಗೆ ಸೇರಿದ ಅಲನ್ ಆಲ್ಕಾರ್ನ್‌ಗೆ ಕೈ ಪಳಗಲಿ ಎಂದು ಬುಶ್ನೆಲ್ ಸುಲಭದ ಒಂದು ಕೆಲಸ ಕೊಟ್ಟರು: ಎರಡು ಬ್ಯಾಟು, ಒಂದು ಚೆಂಡು. ಅದೇ ‘ಪಾಂಗ್’. ಆಲ್ಕಾರ್ನ್ ಬ್ಯಾಟನ್ನು ಎಂಟು ಭಾಗ ಮಾಡಿ, ಯಾವ ಭಾಗಕ್ಕೆ ತಾಗಿತು ಎಂಬುದರ ಮೇಲೆ ಚೆಂಡಿನ ಕೋನ ಬದಲಾಗುವಂತೆ ಮಾಡಿದರು. ಚೆಂಡು ತಪ್ಪದೆ ಹೆಚ್ಚು ಹೊತ್ತು ಓಡಾಡಿದರೆ ವೇಗವೂ ಏರುತ್ತಿತ್ತು. ಸರ್ಕ್ಯೂಟಿನ ಒಂದು ಕೊರತೆಯಿಂದಾಗಿ ಬ್ಯಾಟು ಪರದೆಯ ಮೇಲಿನ ಅಂಚಿನವರೆಗೆ ಹೋಗುತ್ತಿರಲಿಲ್ಲ. ಆಲ್ಕಾರ್ನ್ ಅದನ್ನು ಸರಿಪಡಿಸಲಿಲ್ಲ. ಆ ಸಂದು ಇಲ್ಲದಿದ್ದರೆ ನುರಿತ ಇಬ್ಬರು ಕೂತು ರಾತ್ರಿಯಿಡೀ ಒಂದೇ ಆಟ ಎಳೆಯಬಹುದಿತ್ತು.

ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರಿನ ಆಂಡಿ ಕ್ಯಾಪ್ಸ್ ಎಂಬ ಬಾರಿನಲ್ಲಿ ಇಟ್ಟರು. ಕೆಲವೇ ದಿನಗಳಲ್ಲಿ ಅದು ಕೆಟ್ಟು ನಿಂತಿತೆಂದು ಕರೆ ಬಂತು. ಆಲ್ಕಾರ್ನ್ ಹೋಗಿ ಬಾಗಿಲು ತೆಗೆದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ನಾಣ್ಯ ಬೀಳುವ ಜಾಗ ತುಂಬಿ ತುಳುಕುತ್ತಿತ್ತು. ಪಾಂಗ್‌ನಲ್ಲಿ ಆಡುವ ಬಗೆಗೆ ಇದ್ದದ್ದು ಒಂದೇ ಸಾಲು: ಚೆಂಡು ತಪ್ಪಿಸಿಕೊಳ್ಳಬೇಡಿ, ಹೆಚ್ಚು ಅಂಕ ಬರುತ್ತದೆ. ಲಗೋರಿಯನ್ನು ನಾವ್ಯಾರೂ ಪುಸ್ತಕ ಓದಿ ಕಲಿಯಲಿಲ್ಲ, ಪಕ್ಕದಲ್ಲಿ ನಿಂತು ನೋಡಿ ಕಲಿತೆವು, ಇದೂ ಹಾಗೇ. ಕಲಿಯಲು ಸುಲಭವಿರಬೇಕು, ಪಳಗಲು ಕಷ್ಟವಿರಬೇಕು ಎಂಬುದು ಮುಂದೆ ಬುಶ್ನೆಲ್ ಹೆಸರಿನಲ್ಲೇ ಸೂತ್ರವಾಗಿ ಉಳಿಯಿತು.

ಆದರೆ ಪಾಂಗ್‌ಗೆ ಎದುರಾಳಿಯಾಗಿ ಇನ್ನೊಬ್ಬ ಮನುಷ್ಯ ಬೇಕಿತ್ತು. ಒಬ್ಬನೇ ಆಡುವವನ ಎದುರು ಯಂತ್ರ ಎಷ್ಟು ಬಿಗಿಯಾಗಿರಬೇಕು? ಮೊದಲಿನಿಂದಲೇ ಕಠಿಣವಾದರೆ ಹೊಸಬ ಓಡಿಹೋಗುತ್ತಾನೆ, ಕೊನೆಯವರೆಗೂ ಸುಲಭವಾದರೆ ಹಳಬ ಆಕಳಿಸುತ್ತಾನೆ. ಆಗಿನ ಎಷ್ಟೋ ಆಟಗಳು ಗಡಿಯಾರ ನೋಡಿ ಮುಗಿದುಬಿಡುತ್ತಿದ್ದವು: ಇಷ್ಟು ಸೆಕೆಂಡ್, ಅಷ್ಟರೊಳಗೆ ಎಷ್ಟು ಅಂಕ.

ನಿಶಿಕಾಡೊ ಅಟಾರಿಯ ‘ಬ್ರೇಕ್‌ಔಟ್’ ಆಡಿ, ಇಟ್ಟಿಗೆಗಳನ್ನೆಲ್ಲ ಒಡೆದು ಪರದೆ ಖಾಲಿ ಮಾಡುವ ಖುಷಿಯನ್ನು ಗಮನಿಸಿದ್ದರು. ಆ ಇಟ್ಟಿಗೆಗಳು ತಿರುಗಿ ಗುಂಡು ಹಾರಿಸಿದರೆ ಹೇಗೆ ಎಂಬಲ್ಲಿಂದ ಅವರ ಆಟ ಶುರುವಾಯಿತು. ಮೊದಲು ಟ್ಯಾಂಕು, ವಿಮಾನಗಳನ್ನು ಪ್ರಯತ್ನಿಸಿದರು, ಚಲನೆ ಕುಂಟಿತು. ಸೈನಿಕರು ಚೆನ್ನಾಗಿ ನಡೆದರು, ಆದರೆ ಮನುಷ್ಯರ ಮೇಲೆ ಗುಂಡು ಹಾರಿಸುವ ಆಟ ಕಂಪನಿಗೆ ಒಗ್ಗಲಿಲ್ಲ. ಎಚ್. ಜಿ. ವೆಲ್ಸ್ ಕಾದಂಬರಿಯ ಮಂಗಳವಾಸಿಗಳ ನೆನಪಿನಿಂದ ಅಷ್ಟಪದಿ, ಏಡಿ, ಸ್ಕ್ವಿಡ್ ಮೀನುಗಳಂಥ ರೂಪಗಳು ಬಂದವು. ಇಂಥ ಕೆಲಸಕ್ಕೆ ಬೇಕಾದ ಉಪಕರಣಗಳು ಸಿದ್ಧವಾಗಿ ಸಿಗದ ಕಾಲ. ಅವನ್ನೂ ಅವರೇ ಕಟ್ಟಿಕೊಂಡರು.

ಗಡಿಯಾರದ ಜಾಗಕ್ಕೆ ಈಗ ಹೊಡೆದಷ್ಟೂ ಏರುವ ಆ ವೇಗ ಬಂದಿತ್ತು. ಒಂದು ಸುತ್ತು ಹೇಗೆ ಸಾಗುತ್ತದೆ ನೋಡಿ. ಶುರುವಿನಲ್ಲಿ ಜೀವಿಗಳು ನಿಧಾನ. ಮೊದಲ ಸಲ ಕೈಯಿಟ್ಟವನೂ ನಾಲ್ಕು ಹೊಡೆಯುತ್ತಾನೆ. ಹೊಡೆದದ್ದೇ ತಪ್ಪು ಎಂಬಂತೆ ಉಳಿದವು ಚುರುಕಾಗುತ್ತವೆ. ಹಿನ್ನೆಲೆಯಲ್ಲಿ ನಾಲ್ಕೇ ಸ್ವರದ ಗುಡುಗು ದನಿಯೊಂದು ಸುತ್ತುತ್ತದೆ. ಜೀವಿಗಳು ಕಡಿಮೆಯಾದಂತೆ ಅದರ ಲಯವೂ ಏರುತ್ತದೆ. ಕೊನೆಯದನ್ನು ಉರುಳಿಸಿದೊಡನೆ ಮತ್ತೆ 55ರ ಹೊಸ ಪಡೆ, ಮತ್ತೆ ಅದೇ ಮಂದ ನಡೆ. ಆಟಗಾರ ಉಸಿರು ಬಿಡುತ್ತಾನೆ. ಆದರೆ ಪಡೆ ಈ ಸಲ ಇನ್ನಷ್ಟು ಕೆಳಗಿನಿಂದ ಹೊರಟಿರುತ್ತದೆ. ಬಿಗಿತ, ಬಿಡುವು, ಇನ್ನೂ ಸ್ವಲ್ಪ ಹೆಚ್ಚಿನ ಬಿಗಿತ: ಇವತ್ತಿಗೂ ಆಟ ಕಟ್ಟುವವರು ಬಳಸುವ ಏರಿಳಿತ ಇದೇ.

ಇಲ್ಲಿ ಕಷ್ಟವನ್ನು ಹೇರುವವರು ಬೇರೆ ಯಾರೂ ಅಲ್ಲ. ಆಟ ಬಿಗಿಯಾದದ್ದು ನಾನು ಚೆನ್ನಾಗಿ ಆಡಿದ್ದರಿಂದ. ಸೋತದ್ದು ನನ್ನ ಕೈ ಅರೆಗಳಿಗೆ ತಡವಾದದ್ದರಿಂದ. ದೂರಲು ಯಂತ್ರ ಸಿಗುವುದಿಲ್ಲ, ಹಾಗಾಗಿ ಸಿಟ್ಟು ಬರುವ ಬದಲು ಇನ್ನೊಂದು ನಾಣ್ಯ ಹೊರಬರುತ್ತದೆ. ಅತಿ ಹೆಚ್ಚು ಅಂಕ ಪರದೆಯ ಮೇಲೆಯೇ ಇರುತ್ತದೆ, ಬೇರೆಯವರು ಮಾಡಿಟ್ಟು ಹೋದದ್ದು.

ಜಪಾನಿನಲ್ಲಿ ಈ ಆಟವೊಂದನ್ನೇ ಇಟ್ಟ ಅಂಗಡಿಗಳು ತೆರೆದವು. ಕಾಫಿ ಅಂಗಡಿಗಳ ಮೇಜಿನೊಳಗೇ ಪರದೆ ಬಂದು ಕೂತಿತು. 100 ಯೆನ್ ನಾಣ್ಯಕ್ಕೇ ಬರ ಬಂತೆಂಬ ಕತೆಯೂ ಹಬ್ಬಿತು. ಅದಕ್ಕೆ ಗಟ್ಟಿ ಆಧಾರವಿಲ್ಲ. ಆಟಗಾರರೂ ತಮ್ಮದೇ ಶೋಧಗಳನ್ನು ಮಾಡಿದರು. ಮೇಲ್ಗಡೆ ಆಗಾಗ ಹಾದುಹೋಗುವ ಹಾರುವ ತಟ್ಟೆಗೆ ಸಿಗುವ ಅಂಕ ಕಣ್ಣಿಗೆ ಅದೃಷ್ಟದಂತೆ ಕಾಣುತ್ತಿತ್ತು. ನಿಜಕ್ಕೂ ಅದು ಆಟಗಾರ ಎಷ್ಟು ಗುಂಡು ಹಾರಿಸಿದ್ದಾನೆ ಎಂಬ ಲೆಕ್ಕ: 23ನೇ ಗುಂಡು, ಆಮೇಲೆ ಪ್ರತಿ 15ನೇ ಗುಂಡು ತಾಗಿದರೆ 300 ಅಂಕ. ಇನ್ನೊಂದು ‘ನಗೋಯಾ ಹೊಡೆತ’. ಜೀವಿಗಳು ಫಿರಂಗಿಯ ತಲೆಯ ಮೇಲೇ ಬರುವವರೆಗೆ ಬಿಟ್ಟರೆ ಅವುಗಳ ಗುಂಡು ತಾಗುವುದೇ ಇಲ್ಲ. ಸೋಲಿನ ಅಂಚಿನಲ್ಲೇ ಸುರಕ್ಷಿತ ಜಾಗ! ಗುಟ್ಟು ಕಂಡುಕೊಂಡವನಿಗೆ ಆಟ ಇನ್ನೊಮ್ಮೆ ಹೊಸದಾಗುತ್ತಿತ್ತು.

ಕಷ್ಟದ ಈ ಸೆಳೆತಕ್ಕೆ ಶಾಸ್ತ್ರ ಬರೆಯುವ ಕೆಲಸ ಬೇರೆ ಕಡೆ ನಡೆದಿತ್ತು. ಷಿಕಾಗೊ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಬಂಡೆ ಹತ್ತುವವರು, ಚೆಸ್ ಆಡುವವರು, ಶಸ್ತ್ರಚಿಕಿತ್ಸಕರನ್ನು ಮಾತಾಡಿಸಿ 1975ರಲ್ಲಿ ಒಂದು ಪುಸ್ತಕ ತಂದರು. ಕೆಲಸದ ಕಷ್ಟ ನಮ್ಮ ಕೌಶಲಕ್ಕಿಂತ ಬಹಳ ಹೆಚ್ಚಾದರೆ ಆತಂಕ, ಬಹಳ ಕಡಿಮೆಯಾದರೆ ಬೇಸರ. ಎರಡರ ನಡುವಿನ ಓಣಿಯಲ್ಲಿ ಮೈಮರೆವು ಎಂದರು. ಐದು ವರ್ಷದ ಮೇಲೆ ಥಾಮಸ್ ಮ್ಯಾಲೋನ್ ಸ್ಟ್ಯಾನ್‌ಫೋರ್ಡ್‌ನ ಡಾಕ್ಟರೇಟ್‌ಗಾಗಿ ವಿಡಿಯೊ ಗೇಮ್‌ಗಳನ್ನೇ ಬಿಚ್ಚಿ ನೋಡಿದರು. ಬ್ರೇಕ್‌ಔಟ್‌ನ ಒಂದೊಂದೇ ಅಂಶ ಕಿತ್ತು, ಬೇರೆ ಬೇರೆ ರೂಪಗಳನ್ನು ಜನರಿಂದ ಆಡಿಸಿದರು. ಇಟ್ಟಿಗೆಗಳು ಒಡೆದು ಕಣ್ಣೆದುರೇ ಗೋಡೆ ಕರಗುವುದನ್ನು ತೆಗೆದರೆ ಆಟದ ಸೆಳೆತವೇ ಇಳಿಯಿತು. ಗುರಿ ಕಾಣಬೇಕು, ಅದಕ್ಕೆ ಎಷ್ಟು ಹತ್ತಿರ ಬಂದೆವೆಂಬುದೂ ಕಾಣಬೇಕು. ನಿಶಿಕಾಡೊ ಅವರ 55 ಜೀವಿಗಳ ಪಡೆ ಎರಡನ್ನೂ ಒಟ್ಟಿಗೇ ತೋರಿಸುತ್ತಿತ್ತು.

ಸೆಳೆತಕ್ಕೆ ಇನ್ನೊಂದು ಮುಖವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಗೀಳಿಗೂ ಜಾಗವಿದೆ. ಕಷ್ಟ ಕೊಟ್ಟು ಕೌಶಲ ಬೆಳೆಸುವ ಆಟ ಬೇರೆ. ಕಷ್ಟ ಕೊಟ್ಟು, ಅದರಿಂದ ಪಾರಾಗಲು ದುಡ್ಡು ಕೇಳುವ ಮೊಬೈಲ್ ಆಟ ಬೇರೆ. ಎರಡನೆಯದರಲ್ಲಿ ಗೆದ್ದದ್ದು ಕೈಯಲ್ಲ, ಜೇಬು.

ಮೊದಲ ದಾರಿಯಲ್ಲೇ ನಡೆದವರೂ ಇದ್ದಾರೆ. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಬೆಟ್ಟ ಹತ್ತುವ ಆಟದಲ್ಲಿ ಆಟಗಾರ ನೂರಾರು ಸಲ ಬಿದ್ದು ಸಾಯುತ್ತಾನೆ. ಮರುಕ್ಷಣವೇ ಅದೇ ಕೋಣೆಯಲ್ಲಿ ಎದ್ದು ನಿಲ್ಲುತ್ತಾನೆ. ಬಂಡೆಯ ಅಂಚು ದಾಟಿದ ಮೇಲೂ ಕ್ಷಣಾರ್ಧ ಜಿಗಿಯಲು ಬಿಡುವ ಒಂದು ಔದಾರ್ಯ ಅದರೊಳಗೆ ಅಡಗಿದೆ. ಸರಿಯಾಗಿ ಒತ್ತಿದ್ದೆನಲ್ಲ ಎಂದು ಆಟಗಾರ ಗೊಣಗುವ ಪ್ರಸಂಗ ಬರದಿರಲೆಂದು ಇಟ್ಟದ್ದು ಅದು. ಬೆರಳು ಅಷ್ಟು ಚುರುಕಿಲ್ಲದವರಿಗೆಂದು ಇಡೀ ಆಟದ ವೇಗವನ್ನೇ ಅರ್ಧಕ್ಕೆ ಇಳಿಸುವ ಸೌಲಭ್ಯವೂ ಇದೆ. ಎಷ್ಟು ಇಳಿಸಬೇಕೆಂಬುದನ್ನು ಅವರವರೇ ತೀರ್ಮಾನಿಸಬೇಕು. ಬೆಟ್ಟ ಮಾತ್ರ ಎಲ್ಲರಿಗೂ ಅದೇ.