ಮುಂಚೂಣಿ ರೈಡರ್‌ಗೆ ಎಷ್ಟು ಬೆಲೆ?

ಕ್ರೀಡೆಯನ್ನು ಕುರಿತ ನಮ್ಮ ಸಂವಾದದ ಒಂದು ಕಂತನ್ನು ಶಿಕಾರಿಪುರದಲ್ಲಿ ಧ್ವನಿಮುದ್ರಿಸಿಕೊಂಡಾಗ ಸೊರಬದ ಕಡೆಯಿಂದಲೂ ಸಾಕಷ್ಟು ಯುವಕರು ಬಂದಿದ್ದರು. ಆನವಟ್ಟಿ ಹತ್ತಿರದ ಹಳ್ಳಿಯ ಒಬ್ಬ ಹುಡುಗ ಎದ್ದುನಿಂತು ಒಂದು ಪ್ರಶ್ನೆ ಕೇಳಿದ. ಉತ್ತರ ಆರಂಭವಾಗುವಷ್ಟರಲ್ಲಿ ನಮಗಿದ್ದ ಸಮಯ ಮುಗಿದಿತ್ತು. ಪ್ರಸಾರವಾದ ಕಂತಿನಲ್ಲಿ ಆ ಪ್ರಶ್ನೆಯೂ ಉಳಿಯಲಿಲ್ಲ. ಕತ್ತರಿ ಹಾಕಿದವನು ನಾನೇ ಆದ್ದರಿಂದ ಉತ್ತರದ ಹೊಣೆಯನ್ನೂ ಇಲ್ಲಿ ನಾನೇ ಹೊರುತ್ತಿದ್ದೇನೆ.

ಅವನು ಕೇಳಿದ್ದು ಇಷ್ಟು: "ಸಾರ್, ನಮ್ಮ ಕಬಡ್ಡಿ ತಂಡದ ಮೇನ್ ರೈಡರ್ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ. ಹಬ್ಬದ ಪಂದ್ಯಾವಳಿಗೆ ಚಂದಾ ಎತ್ತಿದ್ದು ಇಪ್ಪತ್ತು ಸಾವಿರ. ಹೊರಗಿನಿಂದ ಒಬ್ಬ ಒಳ್ಳೇ ರೈಡರ್ ಕರೆಸಿದ್ರೆ ಅವನೊಬ್ಬನೇ ಹನ್ನೆರಡು ಸಾವಿರ ಕೇಳ್ತಾನೆ. ಕೊಡೋದಾ, ಬಿಡೋದಾ?"

ಹಳ್ಳಿಯ ಹುಡುಗರ ಸಣ್ಣ ತಕರಾರು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಕೋಟಿಗಟ್ಟಲೆ ಹಣವಿರುವ ತಂಡಗಳೂ ಇದೇ ಪ್ರಶ್ನೆಯ ಮುಂದೆ ತಲೆ ಕೆರೆದುಕೊಂಡು ಕೂತಿವೆ. ನಮ್ಮ ಬೆಂಗಳೂರು ಬುಲ್ಸ್ ತಂಡವನ್ನೇ ನೋಡೋಣ.

2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಲೀಗಿನ ಆರನೆಯ ಆವೃತ್ತಿಯ ಫೈನಲ್‌ನಲ್ಲಿ ಬುಲ್ಸ್ ತಂಡ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಮೊದಲ ಬಾರಿ ಪ್ರಶಸ್ತಿ ಗೆದ್ದಿತು. ಆ 38ರಲ್ಲಿ 22 ಪಾಯಿಂಟ್ ಪವನ್ ಸೆಹ್ರಾವತ್ ಒಬ್ಬರದೇ. ಮುಂದಿನ ಆವೃತ್ತಿಯಲ್ಲಿ ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ಪಾಯಿಂಟ್ ತಂದ ದಾಖಲೆಯೂ ಅವರದೇ. ಇಂಥ ಆಟಗಾರನನ್ನು 2022ರಲ್ಲಿ ಬುಲ್ಸ್ ತಂಡ ಉಳಿಸಿಕೊಳ್ಳಲಿಲ್ಲ. ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಆಗ ಒಂದು ತಂಡ ಆಟಗಾರರಿಗಾಗಿ ಖರ್ಚು ಮಾಡಬಹುದಾಗಿದ್ದ ಮಿತಿ 4.4 ಕೋಟಿ. ಎಂದರೆ ಒಬ್ಬನಿಗೇ ಅರ್ಧಕ್ಕಿಂತ ಹೆಚ್ಚು. ಸೊರಬದ ಹುಡುಗ ಹೇಳಿದ ಇಪ್ಪತ್ತರಲ್ಲಿ ಹನ್ನೆರಡು ಇದಕ್ಕೆ ದೂರದ್ದೇನಲ್ಲ.

ಮುಂದೆ ನಡೆದದ್ದನ್ನು ಕತೆ ಎಂದು ಬರೆದಿದ್ದರೆ ನಂಬುವುದು ಕಷ್ಟವಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ, ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ಬಿದ್ದು ಇಡೀ ಆವೃತ್ತಿಯಿಂದ ಹೊರಗುಳಿದರು. ತಂಡ ಮುಳುಗಿತು ಎಂದೇ ಎಲ್ಲರೂ ಎಣಿಸಿದ್ದರು. ಆದರೆ ಅಷ್ಟೇನೂ ಹೆಸರಿಲ್ಲದೆ ತಂಡಕ್ಕೆ ಬಂದಿದ್ದ ನರೇಂದರ್ ಎಂಬ ಹೊಸ ಹುಡುಗ 243 ರೈಡ್ ಪಾಯಿಂಟ್ ತಂದುಬಿಟ್ಟ. ಅಲ್ಲಿಯವರೆಗೆ ಒಮ್ಮೆಯೂ ಮುಂದಿನ ಹಂತ ಕಾಣದಿದ್ದ ತಲೈವಾಸ್ ಸೆಮಿಫೈನಲ್ ಮುಟ್ಟಿತು. ಇತ್ತ ಬುಲ್ಸ್ ತಂಡ ಪವನ್ ಜಾಗಕ್ಕೆಂದು ವಿಕಾಸ್ ಕಂಡೋಲ ಅವರನ್ನು 1.70 ಕೋಟಿಗೆ ತಂದಿತ್ತು. ತಂಡವನ್ನು ಹೊತ್ತು ಸೆಮಿಫೈನಲ್‌ವರೆಗೆ ನಡೆಸಿದವರು ಮಾತ್ರ ಹಿಂದಿನ ವರ್ಷವಷ್ಟೇ ಬೆಳಕಿಗೆ ಬಂದಿದ್ದ ಭರತ್.

ಇದಕ್ಕೆ ಅದೃಷ್ಟ ಎಂದು ಹೆಸರಿಟ್ಟು ಸುಮ್ಮನಾಗಬಹುದು. ವಿಜ್ಞಾನ ಓದಿದ ನನ್ನಂಥವರಿಗೆ ಅಷ್ಟಕ್ಕೇ ಬಿಡಲು ಮನಸ್ಸಾಗುವುದಿಲ್ಲ. ಆಟದ ಕಟ್ಟನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಕಬಡ್ಡಿ ಪಂದ್ಯ 40 ನಿಮಿಷದ್ದು. ಒಂದು ರೈಡಿಗೆ ಹೆಚ್ಚೆಂದರೆ 30 ಸೆಕೆಂಡು. ಅಲ್ಲಿಗೆ 80 ಅರ್ಧ ನಿಮಿಷಗಳು, ಒಂದೊಂದು ತಂಡಕ್ಕೆ ಸುಮಾರು 40 ಸರದಿ. ಅದರಲ್ಲಿ ಅರ್ಧದಷ್ಟನ್ನಾದರೂ ಮುಂಚೂಣಿ ರೈಡರೇ ಮಾಡಲಿ ಎಂದು ತಂಡ ಬಯಸುತ್ತದೆ. ಆದರೆ ಒಮ್ಮೆ ಹಿಡಿದುಬಿಟ್ಟರೆ ಅವನು ಹೊರಗೆ. ಎಷ್ಟೇ ಬೆಲೆಯವನಾದರೂ ಅಂಕಣದ ಹೊರಗೆ ಕೂತವನ ಆಟದ ಬೆಲೆ ಸೊನ್ನೆ. ಅವನು ಮತ್ತೆ ಒಳಗೆ ಬರಬೇಕಾದರೆ ಒಳಗೆ ಉಳಿದವರು ಎದುರಾಳಿಯನ್ನು ಮುಟ್ಟಿಯೋ ಹಿಡಿದೋ ಒಬ್ಬನನ್ನು ಔಟ್ ಮಾಡಬೇಕು. ಬೋನಸ್ ಪಾಯಿಂಟ್ ಬಂದರೆ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಅದರಿಂದ ಯಾರೂ ಒಳಗೆ ಬರುವುದಿಲ್ಲ. ಅದೂ ಮೊದಲು ಹೋದವನು ಮೊದಲು ಬರಬೇಕು. ಮೇನ್ ರೈಡರ್ ಮೂರನೆಯವನಾಗಿ ಹೋಗಿದ್ದರೆ ಮೂರು ಜನ ಔಟಾಗುವವರೆಗೆ ಕಾಯಲೇಬೇಕು.

ಹೀಗಾಗಿ ರೈಡರ್‌ನ ಪಾಯಿಂಟ್ ಅವನ ಕಾಲಿನಲ್ಲಿ ಎಷ್ಟಿದೆಯೋ ಕ್ಯಾಚರ್‌ಗಳ ಕೈಯಲ್ಲೂ ಅಷ್ಟೇ ಇದೆ. ಇಬ್ಬರು ಗಟ್ಟಿ ಕಾರ್ನರ್ ಕ್ಯಾಚರ್‌ಗಳಿದ್ದರೆ ಔಟಾದ ರೈಡರ್ ಎರಡು ಮೂರು ನಿಮಿಷದಲ್ಲಿ ವಾಪಸಾಗುತ್ತಾನೆ. ಇಲ್ಲದಿದ್ದರೆ ಹತ್ತು ನಿಮಿಷ ಬೆಂಚಿನ ಮೇಲೆ ಕೂತು ಆಟ ನೋಡುತ್ತಾನೆ. ಹಣವನ್ನೆಲ್ಲ ರೈಡರ್‌ಗೆ ಸುರಿದರೆ ಅವನನ್ನು ಒಳಗೆ ತರುವವರನ್ನು ಕೊಳ್ಳಲು ಹಣ ಎಲ್ಲಿಂದ ಬರಬೇಕು? 2023ರ ಹರಾಜಿನಲ್ಲಿ ತೆಲುಗು ಟೈಟಾನ್ಸ್ ಇದೇ ಪವನ್‌ಗೆ 2.605 ಕೋಟಿ ಕೊಟ್ಟಿತು. ಆ ವರ್ಷದ ಮಿತಿ 5 ಕೋಟಿ. ಪವನ್ ಆಡಿದರು, ಚೆನ್ನಾಗಿಯೇ ಆಡಿದರು. ತಂಡ ಮಾತ್ರ ಹನ್ನೆರಡರಲ್ಲಿ ಹನ್ನೆರಡನೆಯದಾಯಿತು.

ಸಂವಾದದ ನಡುವೆ ಹಿರಿಯರೊಬ್ಬರು ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಟಿ.ವಿ.ಯಲ್ಲಿ ಕಂಡ ಆಟವನ್ನು ನೆನೆಸಿಕೊಂಡರು. ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಆಡುವ ಆಟ. ಪ್ರತಿ ದಾಳಿಯಲ್ಲೂ ಚೆಂಡು ಹಿಡಿದು, ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ನಮ್ಮ ಮೇನ್ ರೈಡರ್‌ನ ದೂರದ ಅಣ್ಣ ಎನ್ನಿ. ಅವನನ್ನು ಹುಡುಕುವ ಅವರ ರೀತಿ ಬೇರೆ. ಕಾಲೇಜಿನಿಂದ ಬರುವ ಹೊಸ ಆಟಗಾರರಿಗೆ ಅಲ್ಲಿ ಹರಾಜಿಲ್ಲ, ಪಾಳಿ ಇದೆ. ಹಿಂದಿನ ವರ್ಷ ತೀರಾ ಸೋತ ತಂಡ ಮೊದಲು ಆರಿಸಿಕೊಳ್ಳುತ್ತದೆ, ಗೆದ್ದ ತಂಡ ಕೊನೆಗೆ. 32 ತಂಡಗಳು, ಏಳು ಸುತ್ತು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ.

ಕೆರೆ ನೀರಿನ ಪಾಳಿಯನ್ನು ನೆರೆಯವನೊಂದಿಗೆ ಅದಲುಬದಲು ಮಾಡಿಕೊಳ್ಳುವಂತೆ ಅಲ್ಲಿನ ತಂಡಗಳು ಈ ಪಾಳಿಗಳನ್ನೇ ಮಾರಿ ಕೊಳ್ಳುತ್ತವೆ. ಈ ವರ್ಷದ್ದಷ್ಟೇ ಅಲ್ಲ, ಮುಂದಿನ ವರ್ಷಗಳದ್ದನ್ನೂ. ನಮ್ಮ ಕಡೆ ಅಡಿಕೆ ಬೆಳೆಗಾರರಿಗೆ ಚೇಣಿಯ ಪದ್ಧತಿ ಹೊಸದಲ್ಲ. ಫಸಲು ಮರದ ಮೇಲಿರುವಾಗಲೇ ಬೆಲೆ ಕಟ್ಟಿ ಕೊಡುತ್ತಾರೆ. ಮುಂದಿನ ಎರಡು ವರ್ಷದ ಹೊಂಬಾಳೆ ಒಡೆಯುವ ಮೊದಲೇ ಚೇಣಿಗೆ ಕೊಟ್ಟರೆ ಹೇಗೆ? ಕೆರೊಲಿನಾ ತಂಡ 2023ರಲ್ಲಿ ಮಾಡಿದ್ದು ಅದನ್ನೇ. ಆ ವರ್ಷದ ಮೊದಲ ಪಾಳಿ ಷಿಕಾಗೋ ತಂಡದ ಬಳಿ ಇತ್ತು. ಅದನ್ನು ಪಡೆಯಲು ಕೆರೊಲಿನಾ ತನ್ನ 9 ಮತ್ತು 61ನೆಯ ಪಾಳಿ, 2024ರ ಮೊದಲ ಸುತ್ತಿನ ಪಾಳಿ, 2025ರ ಎರಡನೆಯ ಸುತ್ತಿನ ಪಾಳಿ, ಸಾಲದೆಂದು ಡಿ.ಜೆ. ಮೂರ್ ಎಂಬ ಒಳ್ಳೆಯ ಆಟಗಾರನನ್ನೂ ಕೊಟ್ಟಿತು. ತಂದದ್ದು ಬ್ರೈಸ್ ಯಂಗ್ ಎಂಬ ಕ್ವಾರ್ಟರ್‌ಬ್ಯಾಕನ್ನು. ಅವನು ಎಸೆದ ಚೆಂಡನ್ನು ಹಿಡಿಯಬೇಕಾಗಿದ್ದ ಮೂರ್ ಈಗ ತಂಡದಲ್ಲಿ ಇರಲಿಲ್ಲ. ಆ ವರ್ಷ 17 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಎಲ್ಲರಿಗಿಂತ ಕೆಳಗೆ ನಿಂತದ್ದರಿಂದ 2024ರ ಮೊದಲ ಪಾಳಿ ಕೆರೊಲಿನಾಕ್ಕೇ ಬರಬೇಕಿತ್ತು. ಅದನ್ನು ಆಗಲೇ ಮಾರಿಯಾಗಿತ್ತು! ಷಿಕಾಗೋ ಅದೇ ಪಾಳಿಯಲ್ಲಿ ಕೇಲಬ್ ವಿಲಿಯಮ್ಸ್ ಎಂಬ ತನ್ನದೇ ಕ್ವಾರ್ಟರ್‌ಬ್ಯಾಕನ್ನು ಆರಿಸಿಕೊಂಡಿತು.

ಹಾಗೆಂದು ಇಂಥ ವ್ಯಾಪಾರವೆಲ್ಲ ನಷ್ಟದ್ದೇ ಎನ್ನುವಂತಿಲ್ಲ. 2017ರಲ್ಲಿ ಕ್ಯಾನ್ಸಸ್ ಸಿಟಿ ತಂಡ 27ನೆಯ ಪಾಳಿಯಿಂದ 10ಕ್ಕೆ ಏರಲು ಮರುವರ್ಷದ ಮೊದಲ ಸುತ್ತಿನ ಪಾಳಿಯನ್ನೂ ಬಿಟ್ಟುಕೊಟ್ಟು ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ತಂದಿತು. 2020, 2023, 2024ರಲ್ಲಿ ಪ್ರಶಸ್ತಿ ಗೆದ್ದಿತು. ಒಂದು ವ್ಯತ್ಯಾಸ ಗಮನಿಸಬೇಕು. ಆ ತಂಡ ಆಗಲೇ ಗೆಲ್ಲುವ ತಂಡವಾಗಿತ್ತು, ಮೊದಲ ವರ್ಷ ಮಹೋಮ್ಸ್‌ರನ್ನು ಹೆಚ್ಚುಕಡಿಮೆ ಬೆಂಚಿನಲ್ಲೇ ಕೂರಿಸಿ ಕಲಿಸುವಷ್ಟು ತಾಳ್ಮೆ ಅದಕ್ಕಿತ್ತು. ಇನ್ನು ಏಳು ಬಾರಿ ಪ್ರಶಸ್ತಿ ಗೆದ್ದ ಟಾಮ್ ಬ್ರೇಡಿ 2000ದಲ್ಲಿ ಆಯ್ಕೆಯಾದದ್ದು 199ನೆಯವರಾಗಿ.

ಎಂದಮೇಲೆ ಆರಿಸುವವರ ಕಣ್ಣೂ ನಂಬುವಂಥದ್ದಲ್ಲ. ಈ ಮಾತಿಗೆ ಶಿಕಾರಿಪುರದ ಒಬ್ಬ ರೈತರು ನಕ್ಕು, "ಹಬ್ಬದ ಹೋರಿ ತರೋವಾಗ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡಿಗೆ ನೋಡ್ತೀವಿ. ಅಖಾಡದಾಗೆ ಬಿಟ್ಟ ಮ್ಯಾಲೇ ಗೊತ್ತಾಗೋದು" ಎಂದರು. ಅವರ ಈ ಮಾತೂ ಸಮಯದ ಅಭಾವದಿಂದ ಪ್ರಸಾರವಾಗಲಿಲ್ಲ.

ಬುಲ್ಸ್ ತಂಡದ ಹುಡುಕಾಟವೂ ಸುಲಭದಲ್ಲಿ ಮುಗಿಯಲಿಲ್ಲ. 2024ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ್ದ ಪರ್ದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ತಂದರು. ಹೆಸರು ದೊಡ್ಡದಿತ್ತು, ಅವರ ಒಳ್ಳೆಯ ವರ್ಷಗಳು ಕಳೆದಿದ್ದವು. ತಂಡ ಕೊನೆಯ ಸ್ಥಾನಕ್ಕಿಳಿಯಿತು. 2025ರಲ್ಲಿ ಕನ್ನಡಿಗ ಬಿ.ಸಿ. ರಮೇಶ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಕರೆತಂದರು. ಬಂಗಾಳ ಮತ್ತು ಪುಣೆ ತಂಡಗಳಿಗೆ ಪ್ರಶಸ್ತಿ ತಂದುಕೊಟ್ಟ ಅನುಭವ ಅವರದು. ನನ್ನನ್ನು ಕೇಳಿದರೆ, ಅಷ್ಟೂ ವರ್ಷಗಳ ಖರೀದಿಯಲ್ಲಿ ಅತಿ ವಿವೇಕದ್ದು ಇದೇ.

ಸೊರಬದ ಹುಡುಗನಿಗೆ ಇಷ್ಟನ್ನೂ ದೂರವಾಣಿಯಲ್ಲಿ ಹೇಳಿದೆ. "ನಿಮ್ಮ ಹತ್ತಿರ ಕ್ಯಾಚರ್ ಇದ್ದಾರಾ?" ಎಂದು ಕೇಳಿದಾಗ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ ಅವರು ಐದು ಸಾವಿರಕ್ಕೆ ಒಬ್ಬ ಕಾರ್ನರ್ ಕ್ಯಾಚರ್‌ನನ್ನು ಕರೆಸಿ, ರೈಡಿಗೆ ಊರಿನದೇ ಪಿ.ಯು.ಸಿ. ಹುಡುಗನನ್ನು ಇಳಿಸಿದರು. ಸೆಮಿಫೈನಲ್‌ನಲ್ಲಿ ಎರಡು ಪಾಯಿಂಟ್‌ನಿಂದ ಸೋತರಂತೆ. ಹನ್ನೆರಡು ಸಾವಿರದ ರೈಡರ್ ಬಂದಿದ್ದರೆ ಗೆಲ್ಲುತ್ತಿದ್ದೆವು ಎಂದು ಅರ್ಧ ಊರು ಇನ್ನೂ ವಾದಿಸುತ್ತಿದೆ. ಪಿ.ಯು.ಸಿ. ಹುಡುಗನಿಗೆ ಮಾತ್ರ ಶಿರಾಳಕೊಪ್ಪದ ಕಡೆಯ ಒಂದು ತಂಡದಿಂದ ಕರೆ ಬಂದಿದೆಯಂತೆ. ಅವನನ್ನು ಬಿಟ್ಟುಕೊಡುವುದೋ ಬೇಡವೋ ಎಂಬುದು ಈಗಿನ ಚರ್ಚೆ.